ಆಡೊ ಮತ್ತು ವಾಚಿಕಾಭಿನಯ

ಜಪಾನಿನ ‘ಕ್ಯೋಗೆನ್’ ಎಂಬ ಪ್ರಹಸನ ಪ್ರಕಾರವು ಗಂಭೀರವಾದ ‘ನೋ’ ನಾಟಕದೊಡನೆ ಒಂದೇ ರಂಗದ ಮೇಲೆ ಶತಮಾನಗಳಿಂದ ನಡೆದುಬಂದಿರುವುದು. ನೋ ನಾಟಕದಲ್ಲಿ ದೇವತೆಗಳೂ ಪ್ರೇತಗಳೂ ಮಡಿದ ವೀರರೂ ಕಾಣಿಸಿಕೊಂಡರೆ, ಕ್ಯೋಗೆನ್ನಿನಲ್ಲಿ ಧಣಿಯ ಕಣ್ಣಿಗೆ ಮಣ್ಣೆರಚುವ ಆಳು, ಗಂಡನನ್ನು ಗದರಿಸುವ ಹೆಂಡತಿ, ಢೋಂಗಿ ಸಂನ್ಯಾಸಿ ಮೊದಲಾದ ಲೌಕಿಕರು ಆಡುಮಾತಿನಲ್ಲಿ ಸಂಭಾಷಿಸುತ್ತಾರೆ. ಇದರ ಪ್ರಧಾನ ಪಾತ್ರಕ್ಕೆ ‘ಶಿತೆ’ ಎಂದೂ, ಅದಕ್ಕೆದುರಾಗಿ ನಿಂತು ಮಾತಿಗೆ ಮಾತು ಕೊಡುವ ಎರಡನೆಯ ಪಾತ್ರಕ್ಕೆ ‘ಆಡೊ’ ಎಂದೂ ಹೆಸರು. 2002ರ ಅಕ್ಟೋಬರ್ 24ರಂದು ಜನಿಸಿದ ಟೋಕಿಯೋ ನಗರದ ಬಾಲಿಕೆಯೊಬ್ಬಳು 2017ರ ಜನವರಿಯಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ತನ್ನ ಹಾಡನ್ನು ಅಂತರ್ಜಾಲದಲ್ಲಿ ಮೊದಲಬಾರಿಗೆ ಪ್ರಕಟಪಡಿಸಿದಾಗ ಈ ಎರಡನೆಯ ಪಾತ್ರದ ಹೆಸರನ್ನೇ ತನ್ನದಾಗಿ ಇಟ್ಟುಕೊಂಡಳು. ಶಾಲೆಯ ಪಾಠದಲ್ಲಿ ಕೇಳಿದ ಆ ಪದದ ನಾದವೇ ಆಕೆಯನ್ನು ಮೊದಲು ಸೆಳೆಯಿತಂತೆ. ಅದರ ಅರ್ಥವು ತನಗೆ ಹೊಂದುವುದೆಂದು ಅನಿಸಿದುದು ಅನಂತರ. ಕನ್ನಡದ ಕಿವಿಗೆ ಈ ಹೆಸರು ನಮ್ಮ ‘ಆಡು’ ಧಾತುವನ್ನು ನೆನಪಿಗೆ ತರುವುದು ಕೇವಲ ಕಾಕತಾಳೀಯ. ಆದರೂ ಆ ನೆನಪು ಪ್ರಕೃತ ವಿಷಯಕ್ಕೆ ತೀರ ಅಸಂಗತವೂ ಅಲ್ಲ.

ಈಕೆಯನ್ನು ಕುರಿತು ಎರಡು ಮಾತುಗಳು ಮೇಲಿಂದ ಮೇಲೆ ಕೇಳಿಬರುತ್ತವೆ. ಜಪಾನಿನ ಹೊಸ ತಲೆಮಾರಿನ ಸಿಟ್ಟು ಈಕೆಯ ಕಂಠದಲ್ಲಿ ನೇರವಾಗಿ ಹೊರಹೊಮ್ಮಿದೆ ಎಂಬುದು ಒಂದು. ಈಕೆ ಅನ್ಯರು ರಚಿಸಿಕೊಟ್ಟುದನ್ನು ಹಾಡುವವಳಾದಕಾರಣ ಸ್ವತಂತ್ರ ಪ್ರತಿಭೆಯೆನ್ನಲಾಗದು ಎಂಬುದು ಇನ್ನೊಂದು. ಮೊದಲನೆಯದು ಹೊಗಳಿಕೆ, ಎರಡನೆಯದು ತೆಗಳಿಕೆ. ಆದರೆ ಎರಡರ ಬೇರೂ ಒಂದೇ ಎಂಬುದು ನಮ್ಮ ಅಭಿಪ್ರಾಯ. ಹಾಡಿನ ಮಾತು ಹಾಡುವವಳ ಸ್ವಂತ ಮಾತಾಗಿರತಕ್ಕದ್ದು ಎಂಬ ನಿರೀಕ್ಷೆಯೇ ಆ ಬೇರು. ಈ ನಿರೀಕ್ಷೆಯನ್ನಿಟ್ಟುಕೊಂಡು ಆಡೊಳನ್ನು ಕೇಳಿದರೆ ಆಕೆಯ ಕಲೆಯ ಮುಖ್ಯಾಂಶವೇ ಕೈತಪ್ಪಿಹೋಗುವುದು. ಆಕೆಯದು ಅಭಿನಯ. ಭರತಮುನಿಯು ಹೇಳಿದ ನಾಲ್ಕು ಬಗೆಯ ಅಭಿನಯಗಳಲ್ಲಿ ವಾಚಿಕವೊಂದನ್ನೇ ನೆಚ್ಚಿ, ಉಳಿದವುಗಳನ್ನು ಬಹುಮಟ್ಟಿಗೆ ಬದಿಗಿರಿಸಿ ಬೆಳೆದ ಅಭಿನಯ. ಇದನ್ನು ಸ್ಪಷ್ಟಪಡಿಸಲು ಆಕೆ ಬಂದ ದಾರಿಯನ್ನು ಕೊಂಚ ಹಿಂದಿನಿಂದಲೇ ನೋಡಬೇಕಾಗಿದೆ.

2007ರ ಆಗಸ್ಟ್ 31ರಂದು ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಎಂಬ ಸಂಸ್ಥೆಯು ‘ಹಾತ್ಸುನೆ ಮಿಕು’ ಎಂಬ ಹೆಸರಿನ ಗಣಕತಂತ್ರವೊಂದನ್ನು ಮಾರಾಟಕ್ಕೆ ತಂದಿತು. ಯಮಾಹಾ ಸಂಸ್ಥೆಯು ಸಿದ್ಧಪಡಿಸಿದ್ದ ‘ವೊಕಲಾಯ್ಡ್’ ವಿಧಾನವನ್ನು ಆಧರಿಸಿ, ಫುಜಿತಾ ಸಾಕಿ ಎಂಬ ಕಂಠನಟಿಯ ಉಚ್ಚಾರಣೆಯ ತುಣುಕುಗಳನ್ನು ಜೋಡಿಸಿ, ಬರೆದುಕೊಟ್ಟ ಸ್ವರಕ್ಕೂ ಅಕ್ಷರಕ್ಕೂ ತಕ್ಕಂತೆ ಹಾಡಬಲ್ಲ ಯಂತ್ರಕಂಠವಿದು. ಹಾಡುಗಾರರ ನೆರವಿಲ್ಲದ, ಧ್ವನಿಮುದ್ರಣ ಸಂಸ್ಥೆಗಳ ಬಾಗಿಲು ಕಾಣದ ನೂರಾರು ಯುವ ರಚನಕಾರರಿಗೆ ಇದು ವರವಾಯಿತು. ಅವರು ತಮ್ಮ ರಚನೆಗಳನ್ನು 2006ರ ಕೊನೆಯಲ್ಲಿ ಆರಂಭವಾಗಿದ್ದ ‘ನಿಕೊನಿಕೊ’ ಎಂಬ ಜಾಲತಾಣದಲ್ಲಿ ಪ್ರಕಟಿಸತೊಡಗಿದರು. ಅಲ್ಲಿ ನೋಡುಗರು ಬರೆದ ಟಿಪ್ಪಣಿಗಳು ಚಿತ್ರದ ಮೇಲೆಯೇ ಹರಿದುಹೋಗುತ್ತಿದ್ದುದರಿಂದ ಸಭೆಯೊಂದರಲ್ಲಿ ಕುಳಿತ ಭಾವನೆ ಉಂಟಾಗುತ್ತಿತ್ತು. ಕೆಲಕಾಲದಲ್ಲಿಯೇ, ಯಂತ್ರವು ಹಾಡಿದ್ದನ್ನು ತಮ್ಮ ಕಂಠದಲ್ಲಿ ಮತ್ತೊಮ್ಮೆ ಹಾಡಿ ಅದೇ ಸಭೆಗೆ ಒಪ್ಪಿಸುವ ಹವ್ಯಾಸಿಗಳ ಬಳಗವೊಂದು ಹುಟ್ಟಿಕೊಂಡಿತು. ಇವರಿಗೆ ‘ಉತಾಯ್ತೆ’ಗಳೆಂದು ಹೆಸರು, ಇವರ ಕೃತಿಗಳಿಗೆ ‘ಉತಾತ್ತೆಮಿತಾ’ ಎಂದು. ಈ ಎರಡನೆಯ ಪದವು ಕನ್ನಡಕ್ಕೆ ಅಕ್ಷರಶಃ ‘ಹಾಡಿ ನೋಡಿದೆ’ ಎಂದೇ ಆಗುವುದು. ಪ್ರಯತ್ನಾರ್ಥದಲ್ಲಿ ‘ನೋಡು’ ಧಾತುವನ್ನು ಹಚ್ಚುವ ಪದ್ಧತಿ ಎರಡು ಭಾಷೆಗಳಲ್ಲಿಯೂ ಇರುವುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾದ ಸಂಗತಿ. ಇಂಗ್ಲಿಷಿನಲ್ಲಿ ಈ ವಿನಯ ಬರುವುದಿಲ್ಲ.

ಆಡೊ ಈ ಬಳಗದವಳು. ಮನೆಯಲ್ಲಿ ಬಟ್ಟೆಬರೆ ಇಡುವ ಗೂಡಿನೊಳಗೆ ಹೊಕ್ಕು, ಹೊರಗಿನ ಸದ್ದು ಒಳಬಾರದಂತೆಯೂ ಒಳಗಿನ ಕೂಗು ಹೊರಹೋಗದಂತೆಯೂ ಮುಚ್ಚಿಕೊಂಡು ಆಕೆ ಹಾಡಿ ಮುದ್ರಿಸುತ್ತಿದ್ದಳೆಂಬುದು ಈಗ ಎಲ್ಲರಿಗೂ ತಿಳಿದ ವಿಷಯವಾಗಿದೆ. ಪತ್ರಿಕೆಗಳು ಈ ಗೂಡನ್ನು ಒಂದು ರಮ್ಯಕಥೆಯಂತೆ ವರ್ಣಿಸಿವೆ. ನಮಗೆ ಅದಕ್ಕಿಂತ ಮುಖ್ಯವಾಗಿ ತೋರುವುದು ಆ ಗೂಡಿನಲ್ಲಿ ನಡೆದ ಅಭ್ಯಾಸದ ಸ್ವರೂಪ.

ಯಂತ್ರಕ್ಕೆ ಉಸಿರಿಲ್ಲ. ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ಅದು ನಿಲ್ಲಬೇಕಾಗಿಲ್ಲ. ಮಂದ್ರದಿಂದ ತಾರಕ್ಕೆ ಒಂದೇ ನೆಗೆತದಲ್ಲಿ ಹಾರಿದರೂ ಅದರ ಗಂಟಲು ಬಿಗಿಯುವುದಿಲ್ಲ. ಕ್ಷಣಕ್ಕೆ ಹತ್ತಾರು ಅಕ್ಷರಗಳನ್ನು ಉದುರಿಸಿದರೂ ನಾಲಗೆ ತೊಡರುವುದಿಲ್ಲ. ಈ ಸೌಲಭ್ಯವನ್ನು ಅರಿತ ರಚನಕಾರರು ಮನುಷ್ಯಕಂಠದ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆಯೇ ಬರೆಯತೊಡಗಿದರು. ಕೆಮು ಎಂಬ ರಚನಕಾರನ ‘ರೊಕುಚೋನೆನ್ ತೊ ಇಚಿಯ ಮೊನೊಗತಾರಿ’ ಎಂಬ 2012ರ ಕೃತಿ ಅದರ ವೇಗದಿಂದಾಗಿ ಈ ಬಳಗದವರಿಗೆಲ್ಲ ಒಂದು ಪರೀಕ್ಷೆಯಾಗಿಯೇ ಪರಿಣಮಿಸಿದೆ. ಇಂಥ ಹಾಡನ್ನು ಮನುಷ್ಯರು ಹಾಡಬೇಕಾದರೆ ರಚನಕಾರನು ಬಿಡದ ಎಡೆಯಲ್ಲಿ ಉಸಿರಿಗೆ ಎಡೆ ಮಾಡಿಕೊಳ್ಳಬೇಕು. ಯಂತ್ರವು ಎಲ್ಲವನ್ನೂ ಒಂದೇ ಬಣ್ಣದಲ್ಲಿ ಹೇಳಿದ ಕಡೆ ಬಣ್ಣಗಳನ್ನು ತಾವೇ ಕಲ್ಪಿಸಬೇಕು. ಉಸಿರು ಎಲ್ಲಿ ಎಳೆಯಬೇಕು ಎಂಬುದು ಇಲ್ಲಿ ಅರ್ಥದ ಪ್ರಶ್ನೆಯಾಗುತ್ತದೆ. ನಿಲುಗಡೆ ಬದಲಾದರೆ ವಾಕ್ಯದ ಇಂಗಿತವೇ ಬದಲಾಗುವುದಷ್ಟೆ. ಹೀಗೆ ಯಂತ್ರದ ಹಾಡನ್ನು ಅನುಸರಿಸುವ ಮನುಷ್ಯಳು ಅನುಕರಣಕ್ಕೆ ಹೊರಟು ವ್ಯಾಖ್ಯಾನಕ್ಕೆ ಬಂದು ನಿಲ್ಲುವಳು. ಆಡೊ ಹದಿನಾಲ್ಕರಿಂದ ಹದಿನೇಳರವರೆಗೆ ಮಾಡಿದುದು ಈ ವ್ಯಾಸಂಗ. ಗುರುಮುಖವಿಲ್ಲದ ವಿದ್ಯೆಗೆ ಕುಂದುಗಳಿರುತ್ತವೆ, ನಿಜ. ಆದರೆ ಈ ವಿದ್ಯೆಯನ್ನು ಕಲಿಸಬಲ್ಲ ಗುರು ಆಗ ಯಾವ ಸಂಗೀತಶಾಲೆಯಲ್ಲಿದ್ದನು?

2020ರ ಅಕ್ಟೋಬರ್ 23ರಂದು, ಆಕೆಗೆ ಹದಿನೆಂಟು ತುಂಬಲು ಒಂದು ದಿನ ಉಳಿದಿರುವಾಗ, ‘ಉಸ್ಸೇವಾ’ ಪ್ರಕಟವಾಯಿತು. ಸ್ಯುಡೋ ಎಂಬ ರಚನಕಾರನು ಬರೆದು ರಾಗ ಕೂಡಿಸಿದ ಈ ಹಾಡೇ ದೊಡ್ಡ ಧ್ವನಿಮುದ್ರಣ ಸಂಸ್ಥೆಯ ಮೂಲಕ ಬಂದ ಆಕೆಯ ಮೊದಲ ಕೃತಿ. ಗದ್ದಲವೆಂಬರ್ಥದ ‘ಉರುಸಾಯ್’ ಎಂಬ ಪದವನ್ನು ಒರಟಾಗಿ ಸವೆಸಿದ ರೂಪವೇ ‘ಉಸ್ಸೇ’. ನಮ್ಮಲ್ಲಿ ‘ಸಾಕು, ಮುಚ್ಚು ಬಾಯಿ’ ಎಂದಷ್ಟು ಕಟುವಾಗಿ ಅದು ಕೇಳಿಸುವುದು. 2021ರ ಆರಂಭದ ವೇಳೆಗೆ ಈ ಹಾಡು ಬಿಲ್‌ಬೋರ್ಡ್ ಜಪಾನಿನ ಪಟ್ಟಿಯ ತುದಿಗೇರಿತು. ಅಂತರ್ಜಾಲದ ಆಲಿಕೆಗಳ ಎಣಿಕೆ 10 ಕೋಟಿ ದಾಟಿದಾಗ ಆಕೆಗಿನ್ನೂ ಹದಿನೆಂಟೇ. ಚಿಕ್ಕ ಮಕ್ಕಳು ಮನೆಯಲ್ಲಿಯೂ ಶಾಲೆಯಲ್ಲಿಯೂ ಆ ಪದವನ್ನು ಕೂಗತೊಡಗಿದುದರಿಂದ ತಂದೆತಾಯಿಗಳು ಕಳವಳಗೊಂಡರು. ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಚರ್ಚೆ ನಡೆಯಿತು. ಮಹಾಮಾರಿಯ ಕಾಲದಲ್ಲಿ ಮನೆಯೊಳಗೆ ಸಿಕ್ಕಿಬಿದ್ದ ಎಳೆಯರ ಒಡಲುರಿ ಇಲ್ಲಿ ಬಾಯಿಬಿಟ್ಟಿತೆಂದು ಹಲವರು ಬರೆದರು.

ಇವರು ಹಾಡಿನ ಮಾತುಗಳನ್ನು ಎಷ್ಟರಮಟ್ಟಿಗೆ ಗಮನಿಸಿದ್ದರೋ ತಿಳಿಯದು. ಆ ಹಾಡಿನಲ್ಲಿ ಮಾತಾಡುವುದು ಶಾಲೆಯ ಹುಡುಗಿಯಲ್ಲ, ಕಚೇರಿಯ ನೌಕರಿಗೆ ಸೇರಿದ ವ್ಯಕ್ತಿ. ಪಾನಕೂಟದಲ್ಲಿ ಹಿರಿಯರ ಲೋಟ ಬರಿದಾದರೆ ಕೂಡಲೆ ತುಂಬಬೇಕು, ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸವನ್ನು ಎಲ್ಲರಿಗಾಗಿ ಬಿಡಿಸಿಡಬೇಕು ಎಂಬಂಥ ಕಚೇರಿಲೋಕದ ಅಲಿಖಿತ ವಿಧಿನಿಷೇಧಗಳಿಂದ ರೋಸಿಹೋದ ವ್ಯಕ್ತಿ. ಮದ್ಯವನ್ನು ಕಾನೂನು ರೀತ್ಯಾ ಮುಟ್ಟುವ ವಯಸ್ಸಾಗದ ಹುಡುಗಿಯೊಬ್ಬಳು ಈ ದೂರನ್ನು ತನ್ನ ಅನುಭವವೆಂದು ಹೇಳುವುದು ಸಾಧ್ಯವಿರಲಿಲ್ಲ. ಆಕೆ ಪಾತ್ರವೊಂದನ್ನು ವಹಿಸಿದ್ದಳು. ಕೇಳಿದವರು ಪಾತ್ರವನ್ನೇ ಪಾತ್ರಧಾರಿಯೆಂದು ಬಗೆದರು. ನಟನೆಯ ಯಶಸ್ಸಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲವಾದರೂ, ವಿಮರ್ಶಕರೂ ಅದೇ ಭ್ರಮೆಗೆ ಒಳಗಾದುದು ವಿಷಾದನೀಯ.

ಆ ಯಶಸ್ಸು ಬಂದ ಬಗೆಯನ್ನು ಹಾಡಿನೊಳಗೇ ತೋರಿಸಬಹುದಾಗಿದೆ. ಭರತನು ‘ಕಾಕು’ ಎಂದು ಕರೆದಿರುವ ಧ್ವನಿವಿಕಾರವೇ ಇಲ್ಲಿಯ ಮುಖ್ಯ ಸಾಧನ. ಆರಂಭದ ಭಾಗದಲ್ಲಿ ಕಂಠವು ತಗ್ಗಿನಲ್ಲಿ, ಬೇಸರದಿಂದ, ಒಪ್ಪಿಸುವ ಪಾಠದಂತೆ ನಡೆಯುತ್ತದೆ. ವ್ಯಂಜನಗಳು ಮಾತ್ರ ಅವಶ್ಯಕ್ಕಿಂತ ಹರಿತವಾಗಿ ಬೀಳುತ್ತವೆ. ಮೇಲ್ನೋಟಕ್ಕೆ ವಿಧೇಯತೆ, ಒಳಗೆ ಹಲ್ಲುಕಡಿತ. ಪಲ್ಲವಿಗೆ ಬಂದಾಗ ಅದೇ ಬೈಗಳು ಮರಳಿ ಮರಳಿ ಬರುವುದಷ್ಟೆ. ಅದನ್ನು ಆಕೆ ಎರಡು ಸಲ ಒಂದೇ ರೀತಿಯಾಗಿ ಉಚ್ಚರಿಸುವುದಿಲ್ಲ. ಒಮ್ಮೆ ಗಂಟಲನ್ನು ಉಜ್ಜಿ ಗುರುಗುಟ್ಟುವಳು, ಒಮ್ಮೆ ಕೊನೆಯ ಅಕ್ಷರವನ್ನು ಕಳ್ಳದನಿಗೆ ಚಿಮ್ಮಿಸುವಳು, ಇನ್ನೊಮ್ಮೆ ನಗೆಯ ಅಂಚಿಗೆ ತಂದು ಬಿಡುವಳು. ಸಿಟ್ಟು ಒಂದೇ ಭಾವವಲ್ಲವೆಂಬುದು, ಅದರಲ್ಲಿ ತಿರಸ್ಕಾರವೂ ಆತ್ಮಪ್ರಶಂಸೆಯೂ ಸ್ವಲ್ಪ ಭಯವೂ ಬೆರೆತಿರುವುದೆಂಬುದು, ಮಾತಿನಿಂದಲ್ಲ, ಈ ವಿಕಾರಗಳಿಂದ ತಿಳಿದುಬರುತ್ತದೆ. ಮಾತಾಡುವ ವ್ಯಕ್ತಿ ತನ್ನನ್ನು ಪ್ರತಿಭಾವಂತನೆಂದು ಕೊಚ್ಚಿಕೊಳ್ಳುವ ಕಡೆ ಕಂಠವು ಅವನನ್ನು ನಂಬುವುದೇ ಇಲ್ಲ. ಈ ಅಪನಂಬಿಕೆಯನ್ನು ನಾವು ಕಾಗದದ ಮೇಲಿನ ಸಾಹಿತ್ಯದಲ್ಲಿ ಕಾಣೆವು. ಅದು ಗಾಯಕಿಯ ಕೊಡುಗೆ. ಹಾಗಿರುವಾಗ ಆಕೆಯನ್ನು ಕೇವಲ ವಾಹಕಳೆಂದು ಕರೆಯುವುದು ಹೇಗೆ?

2021ರ ಫೆಬ್ರವರಿಯಲ್ಲಿ ಬಂದ ‘ಗಿರಾ ಗಿರಾ’ ಎಂಬ ಹಾಡು ಇನ್ನೂ ಸೂಕ್ಷ್ಮವಾದುದು. ತೆನಿವೊಹಾ ಎಂಬ ರಚನಕಾರನ ಈ ಕೃತಿಯಲ್ಲಿ ತನ್ನ ಮುಖ ಕುರೂಪವೆಂದು ಕುಗ್ಗಿದ ಹುಡುಗಿಯೊಬ್ಬಳು ಆ ಕುಗ್ಗುವಿಕೆಯನ್ನೇ ಬಿಂಕವಾಗಿ ತಿರುಗಿಸಿಕೊಳ್ಳುತ್ತಾಳೆ. ಹಾಡಿದವಳು ತನ್ನ ಮುಖವನ್ನು ಲೋಕಕ್ಕೆ ತೋರಿಸದೆ ಇದ್ದವಳು. ನೀಲಿ ಗುಲಾಬಿಯನ್ನು ಲಾಂಛನವಾಗುಳ್ಳ ಚಿತ್ರಿತ ಆಕೃತಿಯೊಂದೇ ಆಕೆಯ ಪರವಾಗಿ ಕಾಣಿಸಿಕೊಳ್ಳುತ್ತಿತ್ತು. ಆಹಾರ್ಯವನ್ನು ಹೀಗೆ ಚಿತ್ರಕಾರರಿಗೆ ಒಪ್ಪಿಸಿಬಿಟ್ಟುದು ವ್ಯಾಪಾರದ ಉಪಾಯವೆಂದು ಕೆಲವರು ಹಳಿದಿದ್ದಾರೆ. ವ್ಯಾಪಾರವಿಲ್ಲವೆಂದು ನಾವು ಹೇಳೆವು. ಆದರೆ ಉತಾಯ್ತೆಗಳ ಬಳಗದಲ್ಲಿ ಮುಖ ಮರೆಸುವುದು ಆಕೆಗಿಂತ ಹಿಂದಿನಿಂದಲೂ ಇದ್ದ ರೂಢಿ. ಮೇಲಾಗಿ ಈ ಹಾಡಿನಲ್ಲಿ ಆ ರೂಢಿಯು ಒಂದು ಅರ್ಥವನ್ನು ಪಡೆಯಿತು. ಮುಖವನ್ನು ಕುರಿತ ಹಾಡನ್ನು ಮುಖವಿಲ್ಲದ ಕಂಠ ಹಾಡಿದಾಗ ಕೇಳುಗರಿಗೆ ಅಳೆದು ನೋಡಲು ಏನೂ ಸಿಕ್ಕುವುದಿಲ್ಲ. ಆ ಹುಡುಗಿ ನಿಜಕ್ಕೂ ಕುರೂಪಿಯೇ ಎಂಬ ಕುತೂಹಲವೇ ಅಸಭ್ಯವಾಗಿ ತೋರುತ್ತದೆ.

ಇಲ್ಲಿ ಯೋನೆಝು ಕೆನ್ಶಿಯ ಉದಾಹರಣೆಯನ್ನು ನೆನೆಯುವುದು ಉಚಿತ. 1991ರಲ್ಲಿ ತೊಕುಶಿಮಾ ಪ್ರಾಂತದಲ್ಲಿ ಹುಟ್ಟಿದ ಈತನು 2009ರಿಂದ ‘ಹಾಚಿ’ ಎಂಬ ಹೆಸರಿನಲ್ಲಿ ಯಂತ್ರಕಂಠಕ್ಕೆ ಹಾಡುಗಳನ್ನು ಬರೆದು ಹೆಸರಾದವನು. 2012ರಲ್ಲಿ ‘ಡಯೊರಾಮಾ’ ಎಂಬ ಸಂಕಲನದಿಂದ ಯಂತ್ರವನ್ನು ಬಿಟ್ಟು, ತನ್ನ ಹೆಸರಿನಲ್ಲಿ ತನ್ನದೇ ಕಂಠದಲ್ಲಿ ಹಾಡತೊಡಗಿದನು. 2018ರ ‘ಲೆಮನ್’ ಆತನನ್ನು ಮನೆಮಾತಾಗಿಸಿತು. ಅಂತರ್ಜಾಲದ ಹವ್ಯಾಸಿಯು ಯಂತ್ರದ ಮರೆಯಿಂದ ಹೊರಬಂದು ‘ತಾನು’ ಆಗುವ ಈ ದಾರಿಯನ್ನೇ ಹಲವರು ಕಲಾವಿದನ ಸಹಜ ವಿಕಾಸವೆಂದು ಭಾವಿಸಿರುವರು. ಆಡೊ ನಡೆದುದು ಇದರ ವಿರುದ್ಧ ದಿಕ್ಕಿಗೆ. ಆಕೆ ಎಷ್ಟು ಪ್ರಸಿದ್ಧಳಾದರೂ ರಚನೆಯನ್ನು ಇತರರಿಗೆ ಬಿಟ್ಟು, ಒಬ್ಬೊಬ್ಬ ರಚನಕಾರನೆದುರಿಗೂ ಎರಡನೆಯ ಪಾತ್ರವಾಗಿಯೇ ನಿಂತಳು. 2022ರ ಜನವರಿಯಲ್ಲಿ ಬಂದ ಮೊದಲ ಸಂಕಲನಕ್ಕೆ ‘ಕ್ಯೋಗೆನ್’ ಎಂದೇ ಹೆಸರಿಟ್ಟಳು. ಅದೇ ಏಪ್ರಿಲಿನಲ್ಲಿ ನಡೆದ ಮೊದಲ ಸ್ವತಂತ್ರ ಕಛೇರಿಗೆ ‘ಕಿಗೆಕಿ’, ಎಂದರೆ ಪ್ರಹಸನ, ಎಂದು. ಆ ಸಂಕಲನದ ಹಾಡುಗಳನ್ನು ಬರೆದವರು ಬೇರೆಬೇರೆಯವರು. ಅವರ ಪೈಕಿ ಹೆಚ್ಚಿನವರು ಯಂತ್ರಕಂಠದ ಲೋಕದಿಂದಲೇ ಬಂದವರು.

ಎರಡನೆಯ ಪಾತ್ರದ ಈ ಧರ್ಮವು ಅತ್ಯಂತ ಸ್ಪಷ್ಟವಾಗಿ ಪ್ರಕಟವಾದುದು 2022ರ ಆಗಸ್ಟ್ 6ರಂದು ತೆರೆಕಂಡ, ತನಿಗುಚಿ ಗೊರೊ ನಿರ್ದೇಶಿಸಿದ ‘ಒನ್ ಪೀಸ್ ಫಿಲ್ಮ್ ರೆಡ್’ ಎಂಬ ಚಿತ್ರದಲ್ಲಿ. ಅದರ ನಾಯಿಕೆ ಉತಾ ಎಂಬ ಗಾಯಕಿ. ಆಕೆಯ ಮಾತುಗಳನ್ನು ನಝುಕಾ ಕಾಓರಿ ಎಂಬ ಕಂಠನಟಿ ಆಡಿದಳು, ಹಾಡುಗಳನ್ನು ಆಡೊ ಹಾಡಿದಳು. ಹಿನ್ನೆಲೆಗಾಯನವನ್ನು ಬಾಲ್ಯದಿಂದ ಕೇಳಿಬಂದ ನಮ್ಮ ಓದುಗರಿಗೆ ಈ ಏರ್ಪಾಡಿನಲ್ಲಿ ಸೋಜಿಗವೇನೂ ತೋರದು. ಸೋಜಿಗವಿರುವುದು ಕಥೆಯಲ್ಲಿ. ಉತಾ ಎಂಬವಳು ದ್ವೀಪವೊಂದರಲ್ಲಿ ಏಕಾಂಗಿಯಾಗಿದ್ದು, ತನ್ನ ಗುರುತನ್ನು ಮರೆಸಿ, ದೂರದಿಂದ ಧ್ವನಿಯನ್ನು ಬಿತ್ತರಿಸಿ ಲೋಕಪ್ರಿಯಳಾದವಳು. ಚಿತ್ರವು ಮೊದಲಾಗುವುದು ಆಕೆ ಜನರೆದುರು ಪ್ರಥಮಬಾರಿ ಕಾಣಿಸಿಕೊಳ್ಳುವ ಸಭೆಯಲ್ಲಿ. ಹಾಡುವವಳ ಬದುಕಿಗೂ ಪಾತ್ರದ ಬದುಕಿಗೂ ಇರುವ ಹೋಲಿಕೆ ಎದ್ದುಕಾಣುವಂಥದು. ಆದರೆ ಪಾತ್ರವು ಮುಖ ತೋರಿಸುವ ಎಡೆಯಲ್ಲಿ ಹಾಡುವವಳು ಮರೆಯಲ್ಲಿಯೇ ಉಳಿದಳು. ಚಿತ್ರದ ಏಳು ಹಾಡುಗಳನ್ನು ಏಳು ಕಡೆಯ ರಚನಕಾರರು ಕೊಟ್ಟಿದ್ದರು. ನಕತಾ ಯಸುತಾಕನ ‘ಶಿನ್‌ಜಿದೈ’ಯಲ್ಲಿ ಹೊಸಯುಗದ ಭರವಸೆ, ವೌಂಡಿಯ ‘ಗ್ಯಕ್ಕೋ’ದಲ್ಲಿ ಕೋಪ, ಸವಾನೊ ಹಿರೊಯುಕಿಯ ‘ತೊತ್ತೊ ಮುಜಿಕಾ’ದಲ್ಲಿ ಪೈಶಾಚಿಕ ಆವೇಶ, ಹಾತಾ ಮೊತೊಹಿರೊನ ‘ಕಝೆ ನೊ ಯುಕುಎ’ಯಲ್ಲಿ ಅಗಲಿಕೆಯ ಶಾಂತಿ. ಶೈಲಿಗಳು ಒಂದಕ್ಕೊಂದು ಹೊಂದಿಕೊಳ್ಳುವಂಥವಲ್ಲ. ಇವೆಲ್ಲ ಒಬ್ಬಳೇ ಹುಡುಗಿಯ ಬಾಯಿಂದ ಬಂದವೆಂದು ಪ್ರೇಕ್ಷಕರು ನಂಬಬೇಕು. ಆ ನಂಬಿಕೆಯನ್ನು ಕಟ್ಟಿದುದು ಕಂಠವೊಂದೇ. ‘ಶಿನ್‌ಜಿದೈ’ಯ ತಾರಸ್ಥಾಯಿಯಲ್ಲಿ ಕೇಳಿಬರುವ ಅತಿಯಾದ ಹೊಳಪು, ಮಗುವಿನ ಹಟದಂಥ ಹೊಳಪು, ಕೊನೆಯ ಹಾಡಿನಲ್ಲಿ ಸೊರಗಿ ಉಸಿರಾಗಿ ಉಳಿಯುವುದನ್ನು ಆಲಿಸಿದವರಿಗೆ ಒಂದು ಪಾತ್ರದ ಏಳುಬೀಳುಗಳು ಕಥೆಯ ನೆರವಿಲ್ಲದೆಯೂ ತಿಳಿಯುವುವು. ಚಿತ್ರವು ಸುಮಾರು 2000 ಕೋಟಿ ಯೆನ್ ಗಳಿಸಿತು. ಆ ವರ್ಷದ ಕೊನೆಯ ರಾತ್ರಿ ಎನ್.ಎಚ್.ಕೆ. ಸಂಸ್ಥೆಯ ‘ಕೋಹಾಕು’ ಗಾಯನ ಕಾರ್ಯಕ್ರಮದಲ್ಲಿ ಹಾಡಲು ಬಂದುದೂ ಆಡೊ ಅಲ್ಲ, ಚಿತ್ರಿತಳಾದ ಉತಾ. ಮರುವರ್ಷ ಆಡೊ ತನ್ನ ಹೆಸರಿನಲ್ಲಿ ಅದೇ ಕಾರ್ಯಕ್ರಮಕ್ಕೆ ಬಂದಳು.

ಇಷ್ಟು ಹೇಳಿದ ಮೇಲೆ ನಮ್ಮ ಅಸಮಾಧಾನವನ್ನೂ ಸೂಚಿಸಬೇಕಾಗಿದೆ. ಪ್ರಸಿದ್ಧಿ ಬೆಳೆದಂತೆ ರಚನಕಾರರು ಆಕೆಯ ಕಂಠದ ಅಳತೆಗೆ ತಕ್ಕಂತೆಯೇ ಬರೆಯತೊಡಗಿದರು. ಆಕೆ ಗುರುಗುಟ್ಟಬಲ್ಲಳೆಂದು ಗುರುಗುಟ್ಟುವುದಕ್ಕೊಂದು ಎಡೆ, ಕಳ್ಳದನಿಗೆ ಹಾರಬಲ್ಲಳೆಂದು ಅದಕ್ಕೊಂದು ಎಡೆ. 2023ರ ‘ಶೋ’ ಇದಕ್ಕೆ ನಿದರ್ಶನ. ಓಸಾಕಾದ ಯೂನಿವರ್ಸಲ್ ವಿಹಾರೋದ್ಯಾನದ ಭೂತಪ್ರೇತಗಳ ಉತ್ಸವಕ್ಕಾಗಿ ಸಿದ್ಧವಾದ ಈ ಹಾಡಿನಲ್ಲಿ ಆಕೆಯ ಎಲ್ಲ ಚಮತ್ಕಾರಗಳೂ ಸಾಲುಗಟ್ಟಿ ನಿಂತಿವೆ. ಬೆರಗಾಗದೆ ಕೇಳುವುದು ಕಷ್ಟ. ಆದರೆ ಮಾತಾಡುವವರಾರೆಂದು ಕೇಳಿದರೆ ಉತ್ತರವಿಲ್ಲ. ಪಾತ್ರವಿಲ್ಲದ ಕಡೆ ಕಾಕು ಬರಿಯ ಕಸರತ್ತಾಗುತ್ತದೆ. ಯಂತ್ರಕ್ಕಾಗಿ ಹುಟ್ಟಿದ ಹಾಡು ಆಕೆಯ ಉಸಿರಿಗೆ ಒಡ್ಡುತ್ತಿದ್ದ ಅಡ್ಡಿಯೇ ಆಕೆಯ ಕಲೆಯ ಸಾಣೆಕಲ್ಲಾಗಿತ್ತು. ತನಗೆಂದೇ ಹೊಲಿದ ಉಡುಪಿನಲ್ಲಿ ಆ ಅಡ್ಡಿಯಿಲ್ಲ. 2024ರ ಜುಲೈಯಲ್ಲಿ ಬಂದ ಎರಡನೆಯ ಸಂಕಲನ ‘ಝನ್‌ಮು’ವಿನ ಹಲವು ಹಾಡುಗಳ ಮೇಲೆಯೂ ಈ ಆಕ್ಷೇಪಣೆ ನಿಲ್ಲುವುದೆಂದು ನಮಗೆ ತೋರುತ್ತದೆ.

ಆಕೆಗೂ ಇದರ ಅರಿವಿತ್ತೋ ಏನೋ, 2023ರ ಡಿಸೆಂಬರಿನಲ್ಲಿ ‘ಉತಾತ್ತೆಮಿತಾ’ ಎಂಬ ಹಳೆಯ ಹೆಸರನ್ನೇ ಹೊತ್ತ ಸಂಕಲನವೊಂದನ್ನು ಹೊರತಂದಳು. ಮೇಲೆ ಹೇಳಿದ ಕೆಮುವಿನ ಹಾಡು ಅದರಲ್ಲಿದೆ. ಕಿಕುಓ ಎಂಬವನು ಮಿಕುವಿಗಾಗಿ ರಚಿಸಿದ ‘ಐಶಿತೆ ಐಶಿತೆ ಐಶಿತೆ’ ಇದೆ. ಯಂತ್ರಲೋಕದ ಹೊರಗಿನದಾಗಿ, ಇನೌಎ ಯೋಸುಇ ಬರೆದು ನಕಮೊರಿ ಅಕಿನಾ 1984ರಲ್ಲಿ ಹಾಡಿದ ‘ಕಝಾರಿ ಜ ನಾಯ್ ನೊ ಯೊ ನಮಿದಾ ವಾ’ ಎಂಬ ಜನಪ್ರಿಯ ಗೀತೆಯೂ ಇದೆ. ನಮ್ಮ ದೃಷ್ಟಿಯಲ್ಲಿ ಇವುಗಳಲ್ಲಿ ಶ್ರೇಷ್ಠವಾದುದು ಕಿಕುಓನ ಹಾಡು. ಪ್ರೀತಿಸು ಎಂದು ಬೇಡುವ ಮಗುವಿನ ಮಾತನ್ನು ಯಂತ್ರವು ಹಾಡಿದಾಗ ಅದರ ನಿರ್ಭಾವವೇ ಭೀಕರವಾಗಿತ್ತು. ಭಾವವಿರುವ ಕಂಠವು ಅದನ್ನು ಹೇಗೆ ಹಾಡಬೇಕು? ಅತ್ತರೆ ಹಾಡು ಅಗ್ಗವಾಗುವುದು; ಯಂತ್ರದಂತೆ ಹಾಡಿದರೆ ವ್ಯರ್ಥವಾಗುವುದು. ಆಡೊ ಮೊದಲರ್ಧದಲ್ಲಿ ಕಂಠವನ್ನು ಬೇಕೆಂದೇ ಕಿರಿದಾಗಿಸಿ, ಬಣ್ಣ ಬಸಿದು, ಅನಂತರ ಬೇಡಿಕೆ ಮರುಕಳಿಸಿದಂತೆಲ್ಲ ಒಂದೊಂದು ಹನಿಯಾಗಿ ಪ್ರಾಣವನ್ನು ಬಿಡುತ್ತಾಳೆ. ಚಮತ್ಕಾರವು ಇಲ್ಲಿ ಎಣಿಕೆಗೆ ಸಿಕ್ಕುವುದಿಲ್ಲ.

2024ರ ಏಪ್ರಿಲ್ 27 ಮತ್ತು 28ರಂದು ಟೋಕಿಯೋದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಆಕೆ ಹಾಡಿದಳು. ಹೊಸದಾಗಿ ಕಟ್ಟಿದ ಆ ಅಂಗಣದಲ್ಲಿ ಏಕಾಂಗಿಯಾಗಿ ಕಛೇರಿ ನಡೆಸಿದ ಮೊದಲ ಮಹಿಳೆಯೀಕೆ. ಅದೇ ವರ್ಷ ಏಷ್ಯಾ, ಯೂರೋಪು, ಅಮೆರಿಕಗಳಲ್ಲಿಯೂ, 2025ರಲ್ಲಿ ಮೂವತ್ತಕ್ಕೂ ಹೆಚ್ಚು ನಗರಗಳಲ್ಲಿಯೂ ಸಂಚಾರ ಮಾಡಿದಳು. ಆ ಮಹಾಸಭೆಯಲ್ಲಿಯೂ ಆಕೆ ಬೆಳಕಿನ ಚೌಕಟ್ಟಿನೊಳಗಿನ ಛಾಯೆಯಾಗಿಯೇ ಕಾಣಿಸಿಕೊಂಡಳು. ಆಂಗಿಕವು ಅಷ್ಟರಮಟ್ಟಿಗೆ ಮರಳಿ ಬಂದಿತ್ತು: ಬಾಗುವ ಬೆನ್ನು, ಹಾರುವ ಕೂದಲು, ನೆಲಕ್ಕೆ ಕುಸಿಯುವ ಮೊಣಕಾಲು. ಬಟ್ಟೆಯ ಗೂಡು ದೊಡ್ಡದಾಯಿತೇ ಹೊರತು ಆಕೆ ಅದರಿಂದ ಹೊರಬರಲಿಲ್ಲವೆಂದು ಕೆಲವರು ನಗೆಯಾಡಬಹುದು. ಗೂಡು ಅಷ್ಟು ದೊಡ್ಡದಾದ ಬಳಿಕ ಅದಕ್ಕೆ ರಂಗವೆಂದೇ ಹೆಸರು.

ಇತ್ತೀಚಿನ ವರ್ಷಗಳಲ್ಲಿ ಆಕೆ ತಾನೇ ಬರೆದು ರಾಗ ಕೂಡಿಸಿದ ‘ಶೋಕಾ’ ಎಂಬ ಹಾಡನ್ನೂ ಪ್ರಕಟಿಸಿದ್ದಾಳೆ. ಕೊನೆಗೂ ಆಕೆ ಸ್ವಂತ ಮಾತಿಗೆ ಬಂದಳೆಂದು ಸಂತೋಷಪಟ್ಟವರುಂಟು. ಹಾಡು ಪ್ರಾಮಾಣಿಕವಾಗಿದೆ, ಆದರೆ ಅದನ್ನು ಆಕೆಯ ವಿಕಾಸದ ಶಿಖರವೆಂದು ಎಣಿಸುವುದು ಮತ್ತೆ ಅದೇ ಹಳೆಯ ನಿರೀಕ್ಷೆಗೆ ಶರಣಾದಂತೆ. ಅದಕ್ಕಿಂತ ನಮ್ಮ ಕುತೂಹಲವನ್ನು ಕೆರಳಿಸುವುದು ಆಕೆ ರೂಪಿಸಿ 2024ರಲ್ಲಿ ರಂಗಕ್ಕೆ ತಂದ ‘ಫ್ಯಾಂಟಮ್ ಸಿಟಾ’ ಎಂಬ ಐವರು ಹುಡುಗಿಯರ ಮೇಳ. ಆ ಐವರೂ ಮುಖ ತೋರಿಸಿಯೇ ಹಾಡಿದರು, ಕುಣಿದರು. ಮಾತು ಮಾತ್ರ ಅಲ್ಲಿಯೂ ಬೇರೆಯವರದು, ಪಾತ್ರಗಳನ್ನು ಕಲ್ಪಿಸಿದವಳು ಆಡೊ. ಆಹಾರ್ಯವೂ ಆಂಗಿಕವೂ ತುಂಬಿತುಳುಕುವ ಆ ಮೇಳದಲ್ಲಿ ವಾಚಿಕಕ್ಕೆ ಎಷ್ಟು ಎಡೆ ಉಳಿಯಿತೆಂಬುದನ್ನು ಬೇರೊಂದು ಲೇಖನದಲ್ಲಿ ಪರಿಶೀಲಿಸಬೇಕಾಗಿದೆ.